ಸಮುದಾಯ ಭವನ ಬೇಗ ಏಳುತ್ತದೆ, ಕಾಲುವೆ ಯಾಕೆ ತಡ?

ಬಜೆಟ್ ಹತ್ತಿರ ಬಂದಾಗಲೆಲ್ಲ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಅದೇ ಪ್ರಶ್ನೆ ಮತ್ತೆ ಏಳುತ್ತದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಕೇಂದ್ರ ಕೊಡುತ್ತೇನೆ ಎಂದಿದ್ದ ಆ 5,300 ಕೋಟಿ ರೂಪಾಯಿ ಏನಾಯಿತು? 2023ರ ಫೆಬ್ರುವರಿ 1ರಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಜೆಟ್ ಭಾಷಣದಲ್ಲೇ ಅದನ್ನು ಘೋಷಿಸಿದ್ದರು. ಸಂಸತ್ತು ಆ ಬಜೆಟ್‌ಗೆ ಒಪ್ಪಿಗೆಯನ್ನೂ ಕೊಟ್ಟಿತು. ಆದರೆ ಹಣ ಬಂದಿಲ್ಲ ಎಂದು ರಾಜ್ಯ ಸರ್ಕಾರ ತನ್ನ ಬಜೆಟ್ ಭಾಷಣದಲ್ಲೂ ದೂರಿದೆ. ರಾಜ್ಯವೇ ತನ್ನ ಪಾಲು ಹಾಕುತ್ತಿಲ್ಲ, ದುಡ್ಡೆಲ್ಲ ಗ್ಯಾರಂಟಿಗಳಿಗೆ ಹೋಗುತ್ತಿದೆ ಎಂದು ಇಲ್ಲಿನ ವಿರೋಧ ಪಕ್ಷದವರು ತಿರುಗಿ ಹೇಳುತ್ತಾರೆ.

ಓದುವವರಿಗೆ ತಲೆ ಕೆಡುವುದು ಸಹಜ. ಸದನದಲ್ಲಿ ಪಾಸಾದ ದುಡ್ಡೂ ಬರಲಿಲ್ಲ ಅಂದರೆ ಏನರ್ಥ? ಇನ್ನೊಂದು ಕಡೆ ಊರೂರಲ್ಲಿ ಸಮುದಾಯ ಭವನ, ಸಿಸಿ ರಸ್ತೆ, ಹೈಮಾಸ್ಟ್ ದೀಪಕ್ಕೆ ಗುದ್ದಲಿ ಪೂಜೆ ನಡೆಯುತ್ತಲೇ ಇದೆ. ಅದಕ್ಕೆ ಇರುವ ದುಡ್ಡು ಕಾಲುವೆಗೆ ಯಾಕಿಲ್ಲ?

ಪಕ್ಷಗಳ ಜಗಳದಲ್ಲಿ ಇದಕ್ಕೆ ಅರ್ಧ ಉತ್ತರ ಸಿಗಬಹುದು. ಇನ್ನರ್ಧ ಇರುವುದು ಶಾಸನಸಭೆಗಳನ್ನು ನಾವು ಕಟ್ಟಿಕೊಂಡಿರುವ ರೀತಿಯಲ್ಲಿ. ಖರ್ಚಿನ ಪ್ರಸ್ತಾವ ಯಾರು ತರಬಹುದು, ಅದನ್ನು ಯಾರು ತಿದ್ದಬಹುದು, ಎಷ್ಟು ಜನ ಕೂತು ಹಂಚಿಕೊಳ್ಳುತ್ತಾರೆ, ಲೆಕ್ಕ ನೋಡಲು ಎಷ್ಟು ಹೊತ್ತು ಸಿಗುತ್ತದೆ ಎಂಬುದರ ಮೇಲೆ ದುಡ್ಡು ಹರಿಯುವ ದಿಕ್ಕು ನಿಂತಿದೆ. ಯಾವ ಪಕ್ಷ ಬಂದರೂ ಈ ಭಾಗ ಹೆಚ್ಚು ಬದಲಾಗುವುದಿಲ್ಲ.

ಭಾಷಣ ಬೇರೆ, ಮಂಜೂರಾತಿ ಬೇರೆ

ಬಜೆಟ್ ಭಾಷಣ ಎಂದರೆ ಸರ್ಕಾರ ತನ್ನ ಉದ್ದೇಶವನ್ನು ಹೇಳುವುದು. ಖಜಾನೆಯಿಂದ ಒಂದು ರೂಪಾಯಿ ತೆಗೆಯಬೇಕಾದರೂ ಕಾನೂನು ಬೇಕು ಎನ್ನುತ್ತದೆ ಸಂವಿಧಾನದ 266ನೇ ವಿಧಿ. ಹಾಗಾಗಿ ಭಾಷಣ ಆದಮೇಲೆ ಒಂದೊಂದು ಇಲಾಖೆಯ ಖರ್ಚೂ ಅನುದಾನ ಬೇಡಿಕೆಯಾಗಿ ಸದನದ ಮುಂದೆ ಬರುತ್ತದೆ. ಅದಕ್ಕೆ ಮತ ಹಾಕುತ್ತಾರೆ. ಕೊನೆಗೆ ಎಲ್ಲ ಬೇಡಿಕೆಗಳೂ ಸೇರಿ ಧನವಿನಿಯೋಗ ವಿಧೇಯಕ ಪಾಸಾಗುತ್ತದೆ.

ಇಷ್ಟಾದರೂ ಖರ್ಚು ಮಾಡಲೇಬೇಕು ಎಂದೇನಿಲ್ಲ. ಸದನ ಕೊಡುವುದು ಅನುಮತಿ: ಇಷ್ಟರವರೆಗೆ ಖರ್ಚು ಮಾಡಬಹುದು, ಅದಕ್ಕಿಂತ ಜಾಸ್ತಿ ಬೇಡ. ಯೋಜನೆಗೆ ಕೇಂದ್ರದ ನೆರವು ಸಿಗಬೇಕಾದರೆ ಹಣಕಾಸು ಇಲಾಖೆಯ ಪರಿಶೀಲನೆ, ಕೇಂದ್ರ ಸಂಪುಟದ ಒಪ್ಪಿಗೆ, ಆಮೇಲೆ ಕಂತಿನ ಲೆಕ್ಕ, ಹಿಂದಿನ ಕಂತು ಖರ್ಚಾದ ಪ್ರಮಾಣಪತ್ರ ಎಲ್ಲ ಆಗಬೇಕು. ಇಷ್ಟು ಮೆಟ್ಟಿಲುಗಳಲ್ಲಿ ಯಾವುದೊಂದರಲ್ಲಿ ಕಡತ ನಿಂತರೂ ಸದನಕ್ಕೆ ಅದು ತಾನಾಗಿ ಗೊತ್ತಾಗುವುದಿಲ್ಲ. ಯಾರಾದರೂ ಸದಸ್ಯರು ಕೇಳಬೇಕು. ಕೇಳಲು ಸಮಯ ಇರಬೇಕು.

ಸಮಯ ಇತ್ತಾ? ಭದ್ರಾ ಮೇಲ್ದಂಡೆಯ ಮಾತು ಬಂದ 2023-24ರ ಕೇಂದ್ರ ಬಜೆಟ್‌ನ ಗಾತ್ರ ಸುಮಾರು 45 ಲಕ್ಷ ಕೋಟಿ ರೂಪಾಯಿ. ಆ ವರ್ಷ ಮಾರ್ಚ್ 23ರಂದು, ಗದ್ದಲದ ನಡುವೆ, ಲೋಕಸಭೆ ಎಲ್ಲ ಇಲಾಖೆಗಳ ಬೇಡಿಕೆಗಳನ್ನೂ ಚರ್ಚೆ ಇಲ್ಲದೆ ಒಟ್ಟಿಗೆ ಮತಕ್ಕೆ ಹಾಕಿ ಪಾಸು ಮಾಡಿತು. ಇದಕ್ಕೆ ಗಿಲೊಟಿನ್ ಎನ್ನುತ್ತಾರೆ. 2018ರಲ್ಲೂ ಹೀಗೇ ಆಗಿತ್ತು. ಜಲಶಕ್ತಿ ಇಲಾಖೆಯ ಬೇಡಿಕೆಯ ಮೇಲೆ ಒಂದು ದಿನ ಚರ್ಚೆ ನಡೆದಿದ್ದರೆ ‘5,300 ಕೋಟಿ ಯಾವ ಲೆಕ್ಕದಡಿ ಇದೆ, ಈ ವರ್ಷ ಎಷ್ಟು ಕೊಡುತ್ತೀರಿ’ ಎಂದು ನಮ್ಮ ಸಂಸದರು ಎದ್ದು ನಿಂತು ಕೇಳಬಹುದಿತ್ತು. ಆ ಅವಕಾಶವೇ ಹೋಯಿತು. ಗದ್ದಲಕ್ಕೆ ಕಾರಣರಾದ ಎಲ್ಲರೂ ಇದರಲ್ಲಿ ಪಾಲುದಾರರು.

ಶಾಸಕರ ಕೈಯಲ್ಲಿ ಏನಿದೆ, ಏನಿಲ್ಲ

ವಿಧಾನಸಭೆಗೆ ಬನ್ನಿ. ನಮ್ಮ ಶಾಸಕರು ಸದನದಲ್ಲಿ ಎದ್ದು ‘ಈ ಕಾಲುವೆಗೆ ಇನ್ನೂ 500 ಕೋಟಿ ಸೇರಿಸಿ’ ಎಂದು ತಿದ್ದುಪಡಿ ತರಬಹುದೇ? ಆಗುವುದಿಲ್ಲ. 203ನೇ ವಿಧಿಯ ಪ್ರಕಾರ ರಾಜ್ಯಪಾಲರ ಶಿಫಾರಸು ಇಲ್ಲದೆ, ಅಂದರೆ ಸರ್ಕಾರ ತಾನೇ ತರದೆ, ಯಾವ ಅನುದಾನ ಬೇಡಿಕೆಯೂ ಸದನಕ್ಕೆ ಬರುವಂತಿಲ್ಲ. ಬಂದ ಬೇಡಿಕೆಗೆ ಸದನ ಒಪ್ಪಬಹುದು, ಬೇಡ ಎನ್ನಬಹುದು, ಕಡಿಮೆ ಮಾಡಬಹುದು. ಹೆಚ್ಚು ಮಾಡುವಂತಿಲ್ಲ.

ಕಡಿಮೆ ಮಾಡುವ ದಾರಿಯೂ ಕಾಗದದ ಮೇಲಷ್ಟೇ ಇದೆ. ಕಡಿತ ಸೂಚನೆಗೆ ಗೆಲುವಾದರೆ ಸರ್ಕಾರಕ್ಕೆ ಬಹುಮತ ಇಲ್ಲ ಎಂದೇ ಲೆಕ್ಕ. ಜೊತೆಗೆ 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನು ಇದೆ. ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಮೀರಿ ಮತ ಹಾಕಿದ ಶಾಸಕರ ಸ್ಥಾನವೇ ಹೋಗಬಹುದು. ಹಾಗಾಗಿ ಆಡಳಿತ ಪಕ್ಷದವರು ತಮ್ಮ ಜಿಲ್ಲೆಗೆ ಎಷ್ಟೇ ಅನ್ಯಾಯ ಆಗಿದೆ ಅನಿಸಿದರೂ ಬೇಡಿಕೆಯ ಪರವಾಗಿಯೇ ಕೈ ಎತ್ತುತ್ತಾರೆ. ವಿಧಾನ ಪರಿಷತ್ತಿನ 75 ಸದಸ್ಯರ ಸ್ಥಿತಿ ಇನ್ನೂ ಸಣ್ಣದು. ಹಣಕಾಸು ವಿಧೇಯಕವನ್ನು 14 ದಿನದೊಳಗೆ ವಾಪಸ್ ಕಳಿಸಬೇಕು, ಅವರ ಸಲಹೆಯನ್ನು ವಿಧಾನಸಭೆ ಒಪ್ಪಲೇಬೇಕೆಂದಿಲ್ಲ.

ಈ ಬಿಗಿ ವ್ಯವಸ್ಥೆಗೆ ಒಂದು ಒಳ್ಳೆ ಕಾರಣ ಇದೆ. ದುಡ್ಡಿನ ಚೀಲದ ಬಾಯಿ ಒಬ್ಬರ ಕೈಯಲ್ಲಿದ್ದರೆ ಖರ್ಚು ಹತೋಟಿಯಲ್ಲಿ ಇರುತ್ತದೆ. ಯುರೋಪಿನ ದೇಶಗಳನ್ನು ಹೋಲಿಸಿ ನೋಡಿದ ಜರ್ಮನ್ ಅರ್ಥಶಾಸ್ತ್ರಜ್ಞ ಯುರ್ಗನ್ ಫಾನ್ ಹಾಗನ್ 1992ರಲ್ಲಿ ಇದನ್ನೇ ತೋರಿಸಿದರು. ಹಣಕಾಸು ಸಚಿವರ ಕೈ ಬಲವಾಗಿದ್ದು, ಸದನ ಮನಬಂದಂತೆ ತಿದ್ದುಪಡಿ ಮಾಡಲು ಆಗದ ಕಡೆ ಕೊರತೆಯೂ ಸಾಲವೂ ಕಡಿಮೆ ಇತ್ತು.

ಆದರೆ ಶಾಸಕರ ಮೇಲಿನ ಒತ್ತಡ ಇದರಿಂದ ಕರಗುವುದಿಲ್ಲ. ಊರಿಗೆ ಹೋದಾಗ ಜನ ‘ನಮ್ಮೂರಿಗೆ ಏನು ತಂದಿರಿ’ ಎಂದೇ ಕೇಳುತ್ತಾರೆ. ಸದನದೊಳಗೆ ಬಾಗಿಲು ಮುಚ್ಚಿದ್ದರೆ ಆ ಒತ್ತಡ ಸದನದ ಹೊರಗಿನ ಬಾಗಿಲು ಹುಡುಕುತ್ತದೆ. ಬಜೆಟ್‌ಗೆ ಮುಂಚಿನ ಸಭೆಗಳು, ಮುಖ್ಯಮಂತ್ರಿಗೆ ಬರೆಯುವ ಪತ್ರಗಳು, ಶಾಸಕಾಂಗ ಪಕ್ಷದ ಸಭೆಯ ಅಸಮಾಧಾನ, ವಿಶೇಷ ಅನುದಾನ. ಅಲ್ಲಿ ಚೌಕಾಸಿ ಕ್ಷೇತ್ರದ ಲೆಕ್ಕದಲ್ಲೇ ನಡೆಯುತ್ತದೆ. ಅಲ್ಲಿ ಯಾರು ಏನು ಕೇಳಿದರು, ಯಾರಿಗೆ ಎಷ್ಟು ಸಿಕ್ಕಿತು ಎಂಬುದು ಸದನದ ಕಡತಕ್ಕೆ ಬರುವುದೂ ಇಲ್ಲ.

224ರಲ್ಲಿ ಒಂದು ಪಾಲು

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಜಗಳೂರು ಕ್ಷೇತ್ರದ ಒಂದು ಊರಿನಲ್ಲಿ 2.24 ಕೋಟಿ ರೂಪಾಯಿಯ ಸಮುದಾಯ ಭವನ ಕಟ್ಟುತ್ತಾರೆ ಎಂದುಕೊಳ್ಳಿ. ದುಡ್ಡು ರಾಜ್ಯದ ಖಜಾನೆಯದು. ರಾಜ್ಯದಲ್ಲಿ 224 ಕ್ಷೇತ್ರ. ತೆರಿಗೆಯ ಭಾರ ಎಲ್ಲ ಕಡೆ ಸಮ ಎಂದಿಟ್ಟುಕೊಂಡರೆ ಜಗಳೂರಿನವರ ಪಾಲಿಗೆ ಬೀಳುವುದು ಬರೀ ಒಂದು ಲಕ್ಷ. ಉಳಿದ 2.23 ಕೋಟಿ ಬೇರೆ 223 ಕ್ಷೇತ್ರದವರದ್ದು.

ಆ ಭವನದಿಂದ ಊರಿಗೆ ಆಗುವ ಉಪಯೋಗ 50 ಲಕ್ಷದಷ್ಟೇ ಎಂದುಕೊಳ್ಳೋಣ. ರಾಜ್ಯದ ಕಣ್ಣಿನಿಂದ ನೋಡಿದರೆ ಇದು ನಷ್ಟದ ಕೆಲಸ. ಜಗಳೂರಿನ ಕಣ್ಣಿನಿಂದ ನೋಡಿದರೆ ಒಂದು ಲಕ್ಷ ಕೊಟ್ಟು 50 ಲಕ್ಷದ ಲಾಭ. ಯಾವ ಶಾಸಕರು ಬೇಡ ಅಂತಾರೆ? ಜನರೂ ಬೇಡ ಎನ್ನುವುದಿಲ್ಲ, ಎನ್ನಬೇಕಾಗಿಯೂ ಇಲ್ಲ. ಆದರೆ ಹರಿಹರದವರು, ಹೊಳಲ್ಕೆರೆಯವರು, ಬೀದರಿನವರು, ಮಂಗಳೂರಿನವರು ಎಲ್ಲರೂ ಇದೇ ಲೆಕ್ಕ ಹಾಕುತ್ತಾರೆ. 224 ಭವನ ಏಳುತ್ತವೆ. ಆಗ ಜಗಳೂರಿನವರು ಕೊಟ್ಟದ್ದು ಒಂದು ಲಕ್ಷ ಅಲ್ಲ, ಎಲ್ಲ ಭವನಗಳ ಪಾಲೂ ಸೇರಿ 2.24 ಕೋಟಿ. ಸಿಕ್ಕಿದ್ದು 50 ಲಕ್ಷದ ಉಪಯೋಗ.

ಯಾರೂ ತಪ್ಪು ಮಾಡಲಿಲ್ಲ. ಆದರೂ ಎಲ್ಲರಿಗೂ ನಷ್ಟ ಆಯಿತು. 1981ರಲ್ಲಿ ಬ್ಯಾರಿ ವೀನ್‌ಗ್ಯಾಸ್ಟ್, ಕೆನೆತ್ ಶೆಪ್‌ಸ್ಲಿ, ಕ್ರಿಸ್ಟೋಫರ್ ಜಾನ್ಸನ್ ಎಂಬ ಮೂವರು ವಿದ್ವಾಂಸರು ಈ ಲೆಕ್ಕವನ್ನು ಬಿಡಿಸಿ ಇಟ್ಟರು. ಸದಸ್ಯರ ಸಂಖ್ಯೆ ಹೆಚ್ಚಿದಷ್ಟೂ ಒಬ್ಬೊಬ್ಬರ ಕಣ್ಣಿಗೆ ಖರ್ಚು ಚಿಕ್ಕದಾಗಿ ಕಾಣುತ್ತದೆ, ಒಟ್ಟು ಖರ್ಚು ಬೆಳೆಯುತ್ತದೆ ಎಂಬುದು ಅವರ ವಾದ. ಅವರು ಮಾತಾಡಿದ್ದು ಅಮೆರಿಕದ ಸಂಸತ್ತಿನ ಬಗ್ಗೆ. ಅಲ್ಲಿ ಸದಸ್ಯರೇ ಖರ್ಚಿನ ಮಸೂದೆ ಬರೆಯುತ್ತಾರೆ. ನಮ್ಮಲ್ಲಿ ಬರೆಯುವುದಿಲ್ಲ. ಆದರೂ ಹೊರಗಿನ ಬಾಗಿಲಿನಿಂದ ಅದೇ ಲೆಕ್ಕ ಒಳಗೆ ಬಂದಿದೆ.

ಅಂಕಿ ನೋಡಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಒಬ್ಬರಿಗೆ ವರ್ಷಕ್ಕೆ 2 ಕೋಟಿ. 224 ಜನಕ್ಕೆ 448 ಕೋಟಿ. 2025-26ರ ರಾಜ್ಯ ಬಜೆಟ್ 4,09,549 ಕೋಟಿ. ಅಂದರೆ ನೂರು ರೂಪಾಯಿಗೆ ಹನ್ನೊಂದು ಪೈಸೆ. ಇದನ್ನು ದೊಡ್ಡದು ಎನ್ನಲಾಗದು. ಆದರೆ ಅದೇ ಬಜೆಟ್‌ನಲ್ಲಿ ಕ್ಷೇತ್ರಗಳ ರಸ್ತೆ, ಸಣ್ಣ ನೀರಾವರಿ, ಪಟ್ಟಣದ ಸೌಕರ್ಯಗಳಿಗೆ ಎಂದು 8,000 ಕೋಟಿಯ ಮೂಲಸೌಕರ್ಯ ಕಾರ್ಯಕ್ರಮ ಬಂತು. ಸಮನಾಗಿ ಹಂಚಿದರೆ ಕ್ಷೇತ್ರಕ್ಕೆ ಸುಮಾರು 35.7 ಕೋಟಿ. ಆಡಳಿತ ಪಕ್ಷದವರಿಗೆ ಜಾಸ್ತಿ, ನಮಗೆ ಕಡಿಮೆ ಎಂದು ವಿರೋಧ ಪಕ್ಷದ ಶಾಸಕರು ತಕರಾರು ಎತ್ತಿದ್ದೂ ಆಯಿತು. ಗಮನಿಸಿ: ಜಗಳ ನಡೆದದ್ದು ಯಾರಿಗೆ ಎಷ್ಟು ಎಂಬುದರ ಮೇಲೆ. ಆ 8,000 ಕೋಟಿಯನ್ನು ಹೀಗೆ ಹಂಚಬೇಕೇ ಎಂಬುದರ ಮೇಲೆ ಅಷ್ಟಾಗಿ ಅಲ್ಲ. ಕೇಂದ್ರದಿಂದ ಬರಬೇಕು ಎಂದು ನಾವು ವರ್ಷಗಟ್ಟಲೆ ಕಾಯುತ್ತಿರುವ 5,300 ಕೋಟಿಗಿಂತ ಇದು ದೊಡ್ಡ ಮೊತ್ತ.

ಊರಿನ ರಸ್ತೆ ಬೇಡ ಎಂದು ಇದರ ಅರ್ಥ ಅಲ್ಲ. ಮೊಳಕಾಲ್ಮುರಿನ ಹಳ್ಳಿಯವರಿಗೆ ಒಳ್ಳೆ ರಸ್ತೆ ಕಾಲುವೆಯಷ್ಟೇ ಮುಖ್ಯ. ಬೆಂಗಳೂರಿನಲ್ಲಿ ಕೂತ ಇಲಾಖೆಗೆ ಕಾಣದ ಸಣ್ಣ ಕೊರತೆ ಸ್ಥಳೀಯ ಶಾಸಕರಿಗೆ ಕಾಣುತ್ತದೆ ಎಂಬ ವಾದದಲ್ಲಿ ಹುರುಳಿದೆ. ಸಂಸದರ ನಿಧಿಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಅದನ್ನು ಎತ್ತಿ ಹಿಡಿದಿದೆ ಕೂಡ.

ಕಾಲುವೆಗೆ ಒಬ್ಬ ಶಾಸಕರು ಅಂತ ಇಲ್ಲ

ಈಗ ಭದ್ರಾ ಮೇಲ್ದಂಡೆಯನ್ನು ಇದೇ ಕಣ್ಣಿನಿಂದ ನೋಡಿ. ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರೆಗೆ ಎತ್ತಿ, ಭದ್ರೆಯದ್ದೂ ಸೇರಿಸಿ 29.90 ಟಿಎಂಸಿಯನ್ನು ಬಯಲುಸೀಮೆಗೆ ಹರಿಸುವ ಯೋಜನೆ ಇದು. ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆ, ತುಮಕೂರು ಜಿಲ್ಲೆಗಳ 2,25,515 ಹೆಕ್ಟೇರ್‌ಗೆ ಹನಿ, ತುಂತುರು ನೀರಾವರಿ, 367 ಕೆರೆಗಳಿಗೆ ನೀರು. ಚಿತ್ರದುರ್ಗದ ಆರು, ದಾವಣಗೆರೆಯ ಏಳು ವಿಧಾನಸಭಾ ಕ್ಷೇತ್ರ ಸೇರಿದರೂ 224ರಲ್ಲಿ 13. ದಾವಣಗೆರೆಯಲ್ಲಂತೂ ಇದರ ಮುಖ್ಯ ಲಾಭ ಜಗಳೂರಿಗೆ.

ಸಮುದಾಯ ಭವನಕ್ಕೂ ಈ ಕಾಲುವೆಗೂ ಮೂರು ವ್ಯತ್ಯಾಸ ಇದೆ. ಭವನವನ್ನು 224 ತುಂಡು ಮಾಡಬಹುದು, ಎಲ್ಲರನ್ನೂ ಸಮಾಧಾನ ಮಾಡಬಹುದು. ಕಾಲುವೆಯನ್ನು ತುಂಡು ಮಾಡಿದರೆ ಮೇಲಿನ ತುದಿಯ ಕೆಲಸ ಮುಗಿದರೂ ಕೆಳಗಿನ ಚಳ್ಳಕೆರೆಗೆ ಹನಿ ನೀರು ಹೋಗುವುದಿಲ್ಲ. ಅಜ್ಜಂಪುರದ ಸುರಂಗ, ಏತ ಕೇಂದ್ರ, ಶಾಖಾ ಕಾಲುವೆ, ಹೊಲಕ್ಕೆ ಹೋಗುವ ಪೈಪು ಎಲ್ಲವೂ ಆಗಲೇಬೇಕು.

ಎರಡನೆಯದು ಕಾಲ. ಭವನ ಒಂದು ವಿಧಾನಸಭೆಯ ಅವಧಿಯೊಳಗೆ ಮುಗಿಯುತ್ತದೆ, ಕಲ್ಲಿನ ಮೇಲೆ ಹೆಸರು ಬರುತ್ತದೆ. ಕಾಲುವೆ ಮೂರು ನಾಲ್ಕು ಅವಧಿ ತಿನ್ನುತ್ತದೆ. 2008ರಿಂದ 2023ರೊಳಗೆ ಕರ್ನಾಟಕದಲ್ಲಿ ಆರು ಜನ ಮುಖ್ಯಮಂತ್ರಿಗಳಾದರು. ಇವತ್ತು ಹಣ ಹಾಕಿದವರಿಗೆ ನೀರು ಹರಿಸಿದ ಹೆಸರು ಬರುವುದು ಖಾತ್ರಿ ಇಲ್ಲ. ಹಾಗಾಗಿ ಹೊಸ ಹಂತಕ್ಕೆ ಗುದ್ದಲಿ ಪೂಜೆ ಮಾಡುವ ಆಸೆ, ಹಳೆ ಹಂತ ಮುಗಿಸುವ ಆಸೆಗಿಂತ ಯಾವಾಗಲೂ ಒಂದು ಕೈ ಮೇಲಿರುತ್ತದೆ.

ಮೂರನೆಯದು ನಮ್ಮ ಎರಡು ಜಿಲ್ಲೆಗಳಿಗೇ ನೋವಿನ ವಿಷಯ. ಭವನಕ್ಕೆ ವಿರೋಧಿಗಳಿಲ್ಲ. ಕಾಲುವೆಗೆ ಇದ್ದಾರೆ. ಭದ್ರಾ ಅಚ್ಚುಕಟ್ಟಿನ ದಾವಣಗೆರೆ ರೈತರಿಗೆ, ಅದರಲ್ಲೂ ನಾಲೆಯ ಕೊನೆ ಭಾಗದವರಿಗೆ, ಡ್ಯಾಮಿನ ನೀರು ಬೇರೆ ಕಡೆ ಹೋದರೆ ಭತ್ತ, ಅಡಿಕೆಗೆ ಕುತ್ತು ಎಂಬ ಭಯ. ಬಲದಂಡೆ ನಾಲೆಯನ್ನು ಸೀಳಿ ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಗೆ ಎದ್ದ ಹೋರಾಟದಲ್ಲಿ ಇದು ಕಣ್ಣಿಗೆ ಕಂಡಿತು. ಕೊನೆ ಭಾಗದವರ ಭಯವೂ ನಿಜ, ಬೋರ್‌ವೆಲ್ ಬತ್ತಿದ ಊರಿನವರ ಬಾಯಾರಿಕೆಯೂ ನಿಜ. ಆದರೆ ಸದನದ ಲೆಕ್ಕದಲ್ಲಿ ಇದರ ಪರಿಣಾಮ ಏನೆಂದರೆ 13 ಜನವೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ.

ತಡ ಆದಷ್ಟೂ ಬೆಲೆ ಏರಿತು. 2015ರಲ್ಲಿ ಯೋಜನೆಯ ಪರಿಷ್ಕೃತ ಅಂದಾಜು 12,340 ಕೋಟಿ. 2020ರ ಹೊತ್ತಿಗೆ 21,473 ಕೋಟಿ. ಭೂಸ್ವಾಧೀನದ ತೊಡಕು, ಯೋಜನೆಯ ವಿಸ್ತರಣೆ, ದರ ಏರಿಕೆ ಎಲ್ಲ ಸೇರಿ ಹೀಗಾಗಿದೆ. ಕೇಂದ್ರ ಹೇಳಿದ 5,300 ಕೋಟಿ ಈ ಮೊತ್ತದ ನಾಲ್ಕನೇ ಒಂದು ಭಾಗ ಮಾತ್ರ. ಅದು ನಾಳೆಯೇ ಬಂದರೂ ಉಳಿದದ್ದನ್ನು ರಾಜ್ಯವೇ ಹೊಂದಿಸಬೇಕು.

ಮಿತಿ ಹಾಕಿದರೆ ಕತ್ತರಿ ಎಲ್ಲಿ ಬೀಳುತ್ತದೆ

ಹಾಗಾದರೆ ಖರ್ಚಿಗೇ ಒಂದು ಮಿತಿ ಹಾಕಿಬಿಡಬಹುದಲ್ವಾ? ಹಾಕಿದ್ದಾರೆ. ಕರ್ನಾಟಕದ ವಿತ್ತೀಯ ಹೊಣೆಗಾರಿಕೆ ಕಾನೂನು 2002ರದು. ವಿತ್ತೀಯ ಕೊರತೆ, ಅಂದರೆ ಸಾಲ ತಂದು ತುಂಬಬೇಕಾದ ಅಂತರ, ರಾಜ್ಯದ ಒಟ್ಟು ಉತ್ಪನ್ನದ ಶೇಕಡಾ 3ರೊಳಗೆ ಇರಬೇಕು ಎಂಬುದು ಅದರ ಮುಖ್ಯ ಅಳತೆ. ಸಾಲ ಕೈ ಮೀರದಂತೆ ಇದು ತಡೆದಿದೆ.

ಆದರೆ ಈ ಮಿತಿ ಒಟ್ಟು ಮೊತ್ತಕ್ಕೆ. ಒಳಗೆ ಏನನ್ನು ಉಳಿಸಬೇಕು, ಏನನ್ನು ಕತ್ತರಿಸಬೇಕು ಎಂದು ಅದು ಹೇಳುವುದಿಲ್ಲ. ಸಂಬಳ, ಪಿಂಚಣಿ, ಬಡ್ಡಿ ಕೊಡಲೇಬೇಕು. 2025-26ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 51 ಸಾವಿರ ಕೋಟಿ. ಅದು ತಿಂಗಳು ತಿಂಗಳು ಮನೆಗೆ ಮುಟ್ಟುವ ದುಡ್ಡು, ನಿಂತರೆ ಮರುದಿನವೇ ಗೊತ್ತಾಗುತ್ತದೆ. ಕ್ಷೇತ್ರದ ಅನುದಾನ ತಡೆದರೆ ಶಾಸಕರು ಸಿಟ್ಟಾಗುತ್ತಾರೆ. ಕಾಲುವೆಯ ಕೆಲಸ ಒಂದು ವರ್ಷ ಮುಂದೆ ಹೋದರೆ? ಗುತ್ತಿಗೆದಾರರ ಬಿಲ್ ಬಾಕಿ ಬೀಳುತ್ತದೆ, ಯಂತ್ರ ನಿಲ್ಲುತ್ತದೆ, ಅಷ್ಟೇ. ಬೆಂಗಳೂರಿನಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ಕತ್ತರಿ ಮೊದಲು ಬೀಳುವ ಜಾಗ ದೊಡ್ಡ ಬಂಡವಾಳ ಕಾಮಗಾರಿ.

ಇದರ ಮೇಲೆ ಇನ್ನೊಂದು ಮಸುಕು. ಯೋಜನೆಯನ್ನು ನಡೆಸುತ್ತಿರುವುದು ವಿಶ್ವೇಶ್ವರಯ್ಯ ಜಲ ನಿಗಮ. ಸರ್ಕಾರದ ದುಡ್ಡು ನಿಗಮಕ್ಕೆ ಹೋಗಿ ಅಲ್ಲಿಂದ ಒಂದೊಂದು ಪ್ಯಾಕೇಜಿಗೆ ಇಳಿಯುತ್ತದೆ. ಸದನ ಮತ ಹಾಕುವುದು ದೊಡ್ಡ ಮೊತ್ತಕ್ಕೆ. ಚಿತ್ರದುರ್ಗ ಶಾಖಾ ಕಾಲುವೆಯ ಯಾವ ಭಾಗಕ್ಕೆ ಈ ವರ್ಷ ಎಷ್ಟು ಎಂಬ ತೀರ್ಮಾನ ಸದನದ ಹೊರಗೆ ಆಗುತ್ತದೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಸಾರ್ವಜನಿಕ ಉದ್ದಿಮೆಗಳ ಸಮಿತಿ ಇವೆಯಲ್ಲ ಎನ್ನಬಹುದು. ಇವೆ, ಒಳ್ಳೆ ಕೆಲಸವನ್ನೂ ಮಾಡುತ್ತವೆ. ಆದರೆ ಅವು ಹೆಚ್ಚಾಗಿ ನೋಡುವುದು ಖರ್ಚಾದ ಮೇಲಿನ ಲೆಕ್ಕ. ಮಹಾಲೇಖಪಾಲರ ವರದಿ ಬಂದು, ಸಮಿತಿ ಕೂತು, ಅಧಿಕಾರಿಗಳನ್ನು ಕರೆಸುವ ಹೊತ್ತಿಗೆ ಆ ಅಧಿಕಾರಿ ಬೇರೆ ಇಲಾಖೆಗೆ ವರ್ಗವಾಗಿರುತ್ತಾರೆ.

ಖರ್ಚಿಗೆ ಮುಂಚೆ ನೋಡುವ ಸಮಿತಿ ಸಂಸತ್ತಿನಲ್ಲಿದೆ. 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳು ಒಂದೊಂದು ಇಲಾಖೆಯ ಬೇಡಿಕೆಯನ್ನೂ ಬಿಡಿಸಿ ನೋಡುತ್ತವೆ. ಈಗ ಅಂಥವು 24. ಗಿಲೊಟಿನ್ ಬಿದ್ದ ವರ್ಷವೂ ಇವುಗಳ ವರದಿ ಇರುತ್ತದೆ. ಇವುಗಳ ಮಾತನ್ನು ಸರ್ಕಾರ ಕೇಳಲೇಬೇಕೆಂದಿಲ್ಲ, ಆದರೆ ಉತ್ತರ ಬರೆದು ಕೊಡಬೇಕು. ಕೇರಳ ವಿಧಾನಸಭೆಯಲ್ಲೂ ಇಂಥ ವಿಷಯ ಸಮಿತಿಗಳು 1980ರಿಂದ ಇವೆ.

ಕುರ್ಚಿಗಳು ಹೆಚ್ಚಾದರೆ?

ಕ್ಷೇತ್ರ ಮರುವಿಂಗಡಣೆಯ ಚರ್ಚೆ ಜೋರಾಗಿರುವುದರಿಂದ ಈ ಪ್ರಶ್ನೆಯೂ ಬರುತ್ತದೆ. ನಮ್ಮ ವಿಧಾನಸಭೆಯಲ್ಲಿ 1957ರಲ್ಲಿ 208 ಸ್ಥಾನ, 1967ರಲ್ಲಿ 216, 1978ರಿಂದ 224. ಮುಂದೆ ಹೆಚ್ಚಾದರೆ ಖರ್ಚೂ ಹೆಚ್ಚುತ್ತದಾ?

ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಅಮೆರಿಕದ ರಾಜ್ಯಗಳನ್ನು ನೋಡಿದ ಗಿಲಿಗನ್ ಮತ್ತು ಮತ್ಸುಸಾಕಾ 1995ರಲ್ಲಿ, ಮೇಲ್ಮನೆ ದೊಡ್ಡದಿದ್ದ ಕಡೆ ಖರ್ಚು ಜಾಸ್ತಿ ಎಂದು ಕಂಡರು. ಕೆಳಮನೆಯಲ್ಲಿ ಅದು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಸ್ವೀಡನ್, ಫಿನ್ಲೆಂಡಿನ ಸ್ಥಳೀಯ ಸಂಸ್ಥೆಗಳನ್ನು ನೋಡಿದ ಪೆಟರ್ಸನ್-ಲಿಡ್ಬೊಮ್‌ಗೆ 2012ರಲ್ಲಿ ಸಿಕ್ಕಿದ್ದು ಉಲ್ಟಾ: ಸದಸ್ಯರು ಜಾಸ್ತಿ ಇದ್ದ ಕಡೆ ಖರ್ಚು ಕಡಿಮೆ. ಹೆಚ್ಚು ಕಣ್ಣುಗಳಿದ್ದರೆ ಅಧಿಕಾರಿಗಳ ಮೇಲೆ ನಿಗಾ ಜಾಸ್ತಿ ಎಂಬುದು ಅದಕ್ಕೆ ಒಂದು ವಿವರಣೆ. ನನ್ನ ತಿಳಿವಳಿಕೆಯಲ್ಲಿ ಎರಡೂ ಸರಿ. ಬಂದ ಹೊಸ ಸದಸ್ಯರಿಗೆ ಲೆಕ್ಕ ನೋಡುವ ಕೆಲಸ ಕೊಟ್ಟರೆ ಖರ್ಚು ಬಿಗಿಯಾಗುತ್ತದೆ. ಪಾಲು ಕೇಳುವ ಕೆಲಸ ಮಾತ್ರ ಉಳಿದರೆ ಹಿಗ್ಗುತ್ತದೆ.

ಮಂತ್ರಿಗಳ ಸಂಖ್ಯೆಗೂ ಇದೇ ತರ್ಕ ಹಚ್ಚಿ 2003ರ 91ನೇ ತಿದ್ದುಪಡಿ ಸದನದ ಶೇಕಡಾ 15ರ ಮಿತಿ ಹಾಕಿತು. ಕರ್ನಾಟಕದಲ್ಲಿ ಮುಖ್ಯಮಂತ್ರಿ ಸೇರಿ 34. ಆಮೇಲೆ ನಿಗಮ, ಮಂಡಳಿಗಳ ಅಧ್ಯಕ್ಷ ಸ್ಥಾನಕ್ಕೆ ಬೇಡಿಕೆ ಏರಿದ್ದು ಎಲ್ಲರಿಗೂ ಗೊತ್ತು.

ಬೇರೆಯವರು ಮಾಡಿ ನೋಡಿದ್ದು

ತೊಂಬತ್ತರ ದಶಕದ ಶುರುವಿನಲ್ಲಿ ಸ್ವೀಡನ್ ದೊಡ್ಡ ಆರ್ಥಿಕ ಬಿಕ್ಕಟ್ಟಿಗೆ ಸಿಕ್ಕಿತು. ಆಗ ಅವರು ಸಂಸತ್ತಿನ ಮತದಾನದ ಕ್ರಮವನ್ನೇ ಬದಲಾಯಿಸಿದರು. ಮೊದಲು ಒಟ್ಟು ಖರ್ಚಿನ ಮೇಲ್ಮಿತಿ, ಅದೂ ಮೂರು ವರ್ಷ ಮುಂದಿನವರೆಗೆ. ಆಮೇಲೆ 27 ಬಾಬತ್ತುಗಳಿಗೆ ಹಂಚಿಕೆ. ಆಮೇಲಷ್ಟೇ ಒಂದೊಂದು ಸಮಿತಿ ತನ್ನ ಬಾಬತ್ತಿನೊಳಗೆ ಮಾತಾಡಬೇಕು. ಒಂದು ಕೆಲಸಕ್ಕೆ ಜಾಸ್ತಿ ಬೇಕು ಅನ್ನುವವರು ಅದೇ ಬಾಬತ್ತಿನಲ್ಲಿ ಯಾವುದನ್ನು ಕಡಿಮೆ ಮಾಡುವುದು ಎಂದೂ ಹೇಳಲೇಬೇಕು.

ಅಮೆರಿಕದಲ್ಲಿ ಸದಸ್ಯರು ತಮ್ಮ ಕ್ಷೇತ್ರದ ಕಾಮಗಾರಿಯನ್ನು ಮಸೂದೆಯಲ್ಲೇ ಹೆಸರಿಸಿ ಹಾಕುವ ಪದ್ಧತಿಯನ್ನು 2011ರಲ್ಲಿ ನಿಲ್ಲಿಸಿದರು. 2021ರಲ್ಲಿ ವಾಪಸ್ ತಂದರು. ತಂದಾಗ ಒಂದು ಷರತ್ತು: ಯಾರು ಕೇಳಿದರು, ಯಾವುದಕ್ಕೆ, ಎಷ್ಟು ಎಂಬುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು.

ಇವೆರಡರಲ್ಲಿ ನಮಗೆ ಹತ್ತಿರದ್ದು ಸ್ವೀಡನ್ನಿನ ಮೂರು ವರ್ಷದ ಲೆಕ್ಕ. ಅರ್ಧ ಆದ ಕಾಮಗಾರಿಗೆ ಮುಂದಿನ ಮೂರು ವರ್ಷ ಎಷ್ಟೆಷ್ಟು ಬೇಕು ಎಂದು ಮೊದಲು ಬರೆದಿಟ್ಟು, ಉಳಿದದ್ದರಲ್ಲಿ ಹೊಸದನ್ನು ಹಂಚುವುದು. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ. ಸರ್ಕಾರ ತಾನಾಗಿ ಮಾಡಬಹುದು, ಸದನದ ಅಂದಾಜು ಸಮಿತಿ ಕೇಳಬಹುದು.

ಮುಂದೆ ಆಗಬಹುದಾದದ್ದು

ಈಗಿನ ಕ್ರಮ ಹೀಗೇ ನಡೆದರೆ ಭದ್ರಾ ಮೇಲ್ದಂಡೆಗೆ ಪ್ರತಿ ವರ್ಷ ಒಂದಿಷ್ಟು ದುಡ್ಡು ಬರುತ್ತದೆ, ಕೆಲವು ಕಿಲೋಮೀಟರ್ ಕೆಲಸ ಆಗುತ್ತದೆ, ಅಷ್ಟರಲ್ಲಿ ಅಂದಾಜು ಇನ್ನಷ್ಟು ಏರುತ್ತದೆ. ಮೇಲಿನ ತಾಲ್ಲೂಕುಗಳ ಕೆರೆಗಳಿಗೆ ಮೊದಲು ನೀರು ಕಾಣುತ್ತದೆ. ಮೊಳಕಾಲ್ಮುರು, ಜಗಳೂರಿನ ಕೊನೆ ಕೆರೆಗಳು ಕಾಯುತ್ತವೆ.

ಬದಲಾಗುವ ಸಾಧ್ಯತೆ ಇರುವ ಒಂದು ಜಾಗ ಎಂದರೆ ಶಾಸಕರ ಒಗ್ಗಟ್ಟು. ಕಾಲುವೆ ಹಾದುಹೋಗುವ ಕ್ಷೇತ್ರಗಳ ಶಾಸಕರು ಪಕ್ಷ ಬಿಟ್ಟು ಒಟ್ಟಿಗೆ ಜಲಸಂಪನ್ಮೂಲ ಬೇಡಿಕೆಯ ದಿನ ಮಾತಾಡಿದರೆ ಸಚಿವರು ಉತ್ತರ ಕೊಡಲೇಬೇಕಾಗುತ್ತದೆ. ಆ ಮಾತಿನಲ್ಲಿ ಭದ್ರಾ ಅಚ್ಚುಕಟ್ಟಿನ ನೀರಿನ ಪಾಲು ಕಡಿಮೆಯಾಗದು ಎಂಬ ಬರಹದ ಭರವಸೆಯೂ ಸೇರಿದ್ದರೆ ದಾವಣಗೆರೆಯ ಶಾಸಕರೂ ಜೊತೆಗೆ ನಿಲ್ಲಬಹುದು. ಈಗ ಅವರಿಗೆ ನಿಲ್ಲಲು ಕಾರಣ ಇಲ್ಲ.

ಓದುಗರೂ ನೋಡಬಹುದಾದ ಒಂದು ಪುಟ ಇದೆ. ರಾಜ್ಯ ಬಜೆಟ್ ಸಂಪುಟಗಳು ಹಣಕಾಸು ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಅವುಗಳಲ್ಲಿ ಪ್ರತಿ ಬಾಬತ್ತಿನ ಮುಂದೆ ಬೇರೆ ಬೇರೆ ಅಂಕಣ ಇರುತ್ತದೆ: ಎರಡು ವರ್ಷದ ಹಿಂದೆ ನಿಜವಾಗಿ ಖರ್ಚಾದದ್ದು, ಕಳೆದ ವರ್ಷ ಕೊಡುತ್ತೇವೆ ಎಂದದ್ದು, ಆಮೇಲೆ ಪರಿಷ್ಕರಿಸಿದ್ದು, ಈ ವರ್ಷ ಕೊಡುತ್ತೇವೆ ಎನ್ನುವುದು. ನೀರಾವರಿ ನಿಗಮಗಳ ಸಾಲಿನಲ್ಲಿ ಕೊಡುತ್ತೇವೆ ಎಂದದ್ದಕ್ಕಿಂತ ಪರಿಷ್ಕರಿಸಿದ್ದು ಕಡಿಮೆ ಇದ್ದರೆ, ನಡುವರ್ಷದಲ್ಲಿ ಕತ್ತರಿ ಬಿದ್ದಿದೆ ಎಂದರ್ಥ. ಕೇಂದ್ರದ ಕಡೆಯಲ್ಲೂ ಜಲಶಕ್ತಿ ಇಲಾಖೆಯ ಬೇಡಿಕೆಯಲ್ಲಿ ಇದೇ ರೀತಿ ನೋಡಬಹುದು. ಮುಂದಿನ ಸಲ 5,300 ಕೋಟಿಯ ಮಾತು ಬಂದಾಗ ಎರಡೂ ಪಕ್ಷದವರನ್ನು ಆ ಪುಟದ ಸಂಖ್ಯೆ ಕೇಳಿ.